ಟರ್ಬೊ ಕಾರಿನ ಫ್ಲೈವೀಲ್ ಎಷ್ಟು ಜಡವಿರಬೇಕು?

ನಮ್ಮ ವಿಭಾಗದಲ್ಲಿ ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದಿ ಹೋದ ವಿದ್ಯಾರ್ಥಿಯೊಬ್ಬ ಈಗ ಸೋಲಾಪುರದ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಾನೆ. ದೀಪಾವಳಿಯ ರಜೆಯಲ್ಲಿ ಮನೆಗೆ ಬಂದವನು ತನ್ನ ಪೇಚೊಂದನ್ನು ನನ್ನ ಮುಂದಿಟ್ಟನು. "ಸರ, ಒಬ್ಬ ಗಿರಾಕಿ ಹಠ ಹಿಡದಾನ್ರಿ. ಟರ್ಬೊ ಗಾಡಿ ಐತಿ, ಅದರ ಫ್ಲೈವೀಲ್ ಲೇಥಿಗೆ ಹಾಕಿ ಅರ್ಧಾ ತೂಕಾ ತಗೀರಿ ಅಂತಾನ. ಹಗುರಾದ್ರ ಗಾಡಿ ಜೋರ ಓಡತೈತಿ ಅಂತ ಅವನ ಲೆಕ್ಕ. ನನಗ ಅದು ಬರೋಬರಿ ಅನಸವಲ್ದು. ಆದ್ರ ಯಾಕ ಬ್ಯಾಡ ಅಂತ ಅವಗ ತಿಳಿಸಿ ಹೇಳಾಕ ಆಗವಲ್ದು."

ಕೈಗೆ ಗೊತ್ತಿರುವುದು ಬಾಯಿಗೆ ಬರುತ್ತಿಲ್ಲವೆಂಬುದೇ ಅವನ ಕಷ್ಟವಾಗಿತ್ತು. ನನಗೆ ಯಂತ್ರದ ಅನುಭವವಿಲ್ಲ, ಅವನಿಗೆ ಇದೆ. ಭೌತಶಾಸ್ತ್ರ ವಿಭಾಗದ ಸಹೋದ್ಯೋಗಿಯೊಬ್ಬರನ್ನು ಕರೆದು, ಮೂವರೂ ಕುಳಿತು ಒಂದು ಸಂಜೆ ಲೆಕ್ಕ ಹಾಕಿದೆವು. ಆ ಲೆಕ್ಕವನ್ನು ನಿಮಗಾಗಿ ಇಲ್ಲಿ ಬರೆದಿದ್ದೇನೆ.

ಜಡ ಎಂಬ ಮಾತು

ಮೊದಲು ಒಂದು ಶಬ್ದವನ್ನು ನೋಡೋಣ. ಗ್ರಂಥಭಾಷೆಯಲ್ಲಿ 'ಜಡ' ಎಂದರೆ ಚೈತನ್ಯವಿಲ್ಲದ್ದು, ತಾನಾಗಿ ಅಲುಗದ್ದು. ಮರಾಠಿಯಲ್ಲಿ 'ಜಡ' ಎಂದರೆ ಭಾರವಾದದ್ದು. ನಮ್ಮ ಗಡಿಭಾಗದ ಕನ್ನಡದಲ್ಲಿಯೂ ಜೋಳದ ಚೀಲವನ್ನು ಎತ್ತುವಾಗ "ಭಾಳ ಜಡ ಐತಿ" ಎನ್ನುತ್ತೇವೆ. ಎರಡೂ ಭಾಷೆಗಳ ಶಾಲೆಯಲ್ಲಿ ಕಲಿತ ನನಗೆ ಬಾಲ್ಯದಲ್ಲಿ ಇವು ಎರಡು ಬೇರೆ ಶಬ್ದಗಳೆಂದೇ ತೋರುತ್ತಿತ್ತು. ವಿಜ್ಞಾನದ ಪಾಠದಲ್ಲಿ 'ಜಡತ್ವ' ಬಂದಾಗ ಎರಡರ ಸಂಬಂಧ ತಿಳಿಯಿತು. ನಿಂತದ್ದು ನಿಂತೇ ಇರಲು, ಚಲಿಸುವುದು ಚಲಿಸುತ್ತಲೇ ಇರಲು ಬಯಸುವ ಗುಣವೇ ಜಡತ್ವ. ವಸ್ತು ಭಾರವಾದಷ್ಟೂ ಈ ಗುಣ ಹೆಚ್ಚು. ಫ್ಲೈವೀಲ್ ಎಂಬುದು ಈ ಗುಣಕ್ಕಾಗಿಯೇ ಮಾಡಿದ ಚಕ್ರ.

ತಿರುಗುವ ವಸ್ತುವಿನಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಕುಂಬಾರನ ತಿಗರಿಯನ್ನು ನೀವು ನೋಡಿರಬಹುದು. ಕೋಲಿನಿಂದ ನಾಲ್ಕಾರು ಸಲ ತಿರುವಿ ಬಿಟ್ಟರೆ ಅದು ಗಡಿಗೆಯೊಂದು ಮೂಡುವವರೆಗೂ ತಿರುಗುತ್ತದೆ. ಅದರ ಭಾರವನ್ನು ಅಂಚಿನಲ್ಲಿ ಕೂಡಿಸಿರುತ್ತಾರೆ. ನಡುವಿನಿಂದ ಭಾರ ಎಷ್ಟು ದೂರವಿದೆಯೋ ಆ ದೂರದ ವರ್ಗಕ್ಕೆ ತಕ್ಕಂತೆ ತಿರುಗುವ ಜಡತ್ವ ಹೆಚ್ಚುತ್ತದೆ. ಆದ್ದರಿಂದ ಫ್ಲೈವೀಲಿನ ಅಂಚಿನಲ್ಲಿರುವ ಒಂದು ಕಿಲೊ, ನಡುವಿಗೂ ಅಂಚಿಗೂ ಅರ್ಧದಾರಿಯಲ್ಲಿರುವ ನಾಲ್ಕು ಕಿಲೊಗಳಿಗೆ ಸಮ. ಕೇವಲ ತಕ್ಕಡಿಯ ತೂಕ ಕೇಳಿ ಫ್ಲೈವೀಲ್ ಆರಿಸುವವನು ಅರ್ಧ ಪ್ರಶ್ನೆಯನ್ನಷ್ಟೇ ಕೇಳಿದಂತೆ.

ಈ ಚಕ್ರದ ಕೆಲಸವೇನು?

ಫ್ಲೈವೀಲನ್ನು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತುದಿಗೆ ಬೋಲ್ಟು ಹಾಕಿ ಕೂಡಿಸಿರುತ್ತಾರೆ. ಅದರ ಒಂದು ಮುಖಕ್ಕೆ ಕ್ಲಚ್ ಒತ್ತಿಕೊಳ್ಳುತ್ತದೆ. ಅಂಚಿನ ಹಲ್ಲುಗಳಿಗೆ ಸ್ಟಾರ್ಟರ್ ಸಿಕ್ಕಿ ಎಂಜಿನ್ನನ್ನು ಎಬ್ಬಿಸುತ್ತದೆ. ಎಂಜಿನ್ ಬಲವನ್ನು ಧಾರೆಯಾಗಿ ಕೊಡುವುದಿಲ್ಲ, ಬಡಿತ ಬಡಿತವಾಗಿ ಕೊಡುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಅರ್ಧ ಸುತ್ತಿಗೊಂದು ಬಡಿತ. ಮೂರು ಸಿಲಿಂಡರಿನದರಲ್ಲಿ ಎರಡು ಸುತ್ತಿಗೆ ಮೂರೇ ಬಡಿತ. ಕಾರು ನಿಂತು ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿರುವಾಗ ಮೂರು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 20 ಸಲ ಬಡಿಯುತ್ತದೆ. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಎಂಜಿನ್ ನಿಂತುಹೋಗದಂತೆ ಕಾಯುವುದು ಫ್ಲೈವೀಲಿನ ಜಡತ್ವ. ಬೀಸುವ ಕಲ್ಲಿನಲ್ಲಿ ಕೈ ಗೂಟವನ್ನು ಮುಂದಕ್ಕೆ ನೂಕುವಾಗ ಬಲವಿರುತ್ತದೆ, ತಿರುಗಿ ಬರುವಾಗ ಬಲ ಕುಗ್ಗುತ್ತದೆ. ಆಗ ಕಲ್ಲಿನ ಭಾರವೇ ಕೈಯನ್ನು ಸಾಗಿಸುತ್ತದೆ. ಇಲ್ಲಿಯೂ ಅದೇ ನ್ಯಾಯ.

ಈ ಸಂಗ್ರಹ ಎಷ್ಟಿರಬಹುದು? 8 ಕಿಲೊ ತೂಗುವ, 26 ಸೆಂ.ಮೀ. ಅಡ್ಡಗಲದ, ಎಲ್ಲೆಡೆ ಸಮದಪ್ಪದ ಒಂದು ಚಕ್ರವನ್ನು ಉದಾಹರಣೆಗೆ ತೆಗೆದುಕೊಂಡೆವು. ನಿಮಿಷಕ್ಕೆ 3000 ಸುತ್ತಿನಲ್ಲಿ ಅದರಲ್ಲಿರುವ ಶಕ್ತಿ ಸುಮಾರು 3300 ಜೂಲ್. 1000 ಕಿಲೊ ತೂಕದ ಕಾರು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿ ಉರುಳುವಾಗ ಅದರಲ್ಲಿಯೂ ಇಷ್ಟೇ ಶಕ್ತಿ ಇರುತ್ತದೆ. ನಿಂತ ಕಾರನ್ನು ಹೊರಡಿಸುವಾಗ ಚಾಲಕನು ಕ್ಲಚ್ಚನ್ನು ಮೆಲ್ಲನೆ ಬಿಡುತ್ತ ಈ ಗಂಟಿನಿಂದಲೇ ಸಾಲ ತೆಗೆಯುತ್ತಾನೆ. ಚಕ್ರ 4 ಕಿಲೊ ಆದರೆ ಗಂಟೂ ಅರ್ಧವಾಗುತ್ತದೆ.

ಗಿರಾಕಿಯ ಮಾತಿನಲ್ಲಿರುವ ಸತ್ಯ

ಹಗುರಾದರೆ ಗಾಡಿ ಜೋರಾಗಿ ಓಡುತ್ತದೆ ಎಂಬ ಮಾತು ಪೂರ್ಣ ಸುಳ್ಳಲ್ಲ. ಕಾರು ವೇಗ ಪಡೆಯುವಾಗ ಎಂಜಿನ್ ಕಾರನ್ನಷ್ಟೇ ಅಲ್ಲದೆ ಫ್ಲೈವೀಲನ್ನೂ ಹೆಚ್ಚು ಜೋರಾಗಿ ತಿರುಗಿಸಬೇಕು. ಆ ಶ್ರಮ ಉಳಿದರೆ ಅದು ಕಾರಿಗೆ ಸಿಗುತ್ತದೆ. ಎಷ್ಟು ಸಿಗುತ್ತದೆ ಎಂಬುದು ಗೇರಿನ ಮೇಲೆ ನಿಂತಿದೆ. ಒಂದನೆಯ ಗೇರಿನಲ್ಲಿ ಗಾಲಿಯ ಒಂದು ಸುತ್ತಿಗೆ ಎಂಜಿನ್ 14 ಸುತ್ತು, ಮೂರನೆಯದರಲ್ಲಿ 5.2, ಐದನೆಯದರಲ್ಲಿ 3.2 ಸುತ್ತು ತಿರುಗುತ್ತದೆ ಎಂದುಕೊಳ್ಳಿ. ಗಾಲಿಯ ತ್ರಿಜ್ಯ 30 ಸೆಂ.ಮೀ. ಇರಲಿ. ಫ್ಲೈವೀಲಿನ ತೂಕವನ್ನು 8 ಕಿಲೊದಿಂದ 4 ಕಿಲೊಗೆ ಇಳಿಸಿದರೆ ಒಂದನೆಯ ಗೇರಿನಲ್ಲಿ ಕಾರಿನಿಂದ ಸುಮಾರು 74 ಕಿಲೊ ಇಳಿಸಿದಂತೆ. ಒಬ್ಬ ದೊಡ್ಡ ಮನುಷ್ಯನನ್ನು ಕೆಳಗಿಳಿಸಿದಷ್ಟಾಯಿತು! ಆದರೆ ಮೂರನೆಯ ಗೇರಿನಲ್ಲಿ ಈ ಲಾಭ 10 ಕಿಲೊಗೆ, ಐದನೆಯದರಲ್ಲಿ 4 ಕಿಲೊಗೂ ಕಡಿಮೆಗೆ ಕುಗ್ಗುತ್ತದೆ. ವಿಜಯಪುರದ ಹೆದ್ದಾರಿಯಲ್ಲಿ ಮೇಲಿನ ಗೇರಿನಲ್ಲಿ ಓಡುವ ಕಾರಿಗೆ ಇದರಿಂದ ಬರುವ ವ್ಯತ್ಯಾಸ ಒಂದು ಕೊಡ ನೀರು ಇಳಿಸಿದ್ದಕ್ಕಿಂತ ಕಡಿಮೆ.

ಲಾಭವೆಲ್ಲ ಕೆಳಗಿನ ಗೇರುಗಳಲ್ಲಿ. ಟರ್ಬೊ ಎಂಜಿನ್ ದುರ್ಬಲವಾಗಿರುವುದೂ ಆ ಗೇರುಗಳಲ್ಲಿ ಹೊರಡುವ ಹೊತ್ತಿನಲ್ಲಿಯೇ.

ಟರ್ಬೊ ಸೇರಿದಾಗ

ಎಂಜಿನ್ ಹೊರಹಾಕುವ ಬಿಸಿ ಹೊಗೆಯಿಂದ ಒಂದು ಸಣ್ಣ ಗಾಳಿಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊಸ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನವೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿಯೇ ಈ ಕಲ್ಪನೆಗೆ ಪೇಟೆಂಟ್ ಪಡೆದಿದ್ದರು. ಇದರ ಸ್ವಭಾವದಲ್ಲಿಯೇ ಒಂದು ಕೊರತೆಯಿದೆ. ಎಂಜಿನ್ ನಿಧಾನವಾಗಿರುವಾಗ ಹೊಗೆ ಕಡಿಮೆ. ಹೊಗೆ ಕಡಿಮೆಯಾದಾಗ ಒತ್ತುಗಾಳಿಯೂ ಕಡಿಮೆ. ಪೆಡಲು ತುಳಿದ ಮೇಲೆ ಬಲ ಬರುವವರೆಗೆ ಸ್ವಲ್ಪ ತಡವಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಎಲ್ಲರೂ ಕಂಡ ಉದಾಹರಣೆ ಫಿಯಟ್ ಮೂಲದ 1248 ಸಿಸಿ ಡೀಸೆಲ್ ಎಂಜಿನ್. ಮಾರುತಿ ಸ್ವಿಫ್ಟ್, ಟಾಟಾ ಇಂಡಿಕಾ ವಿಸ್ಟಾ, ಫಿಯಟ್ ಪುಂಟೊ ಮೂರರಲ್ಲಿಯೂ ಅದು ಇತ್ತು. ಸ್ವಿಫ್ಟಿನಲ್ಲಿ ಅದರ ತಿರುಚುಬಲದ ಶಿಖರ 190 ನ್ಯೂಟನ್ ಮೀಟರ್. ಅದು ದೊರೆಯುವುದು ನಿಮಿಷಕ್ಕೆ 2000 ಸುತ್ತಿಗೆ. ಅದಕ್ಕಿಂತ ಕೆಳಗೆ ಗಾಡಿ ಮಂಕಾಗಿ, ಮೇಲೆ ಹೋದೊಡನೆ ಜಿಗಿಯುವುದನ್ನು ಓಡಿಸಿದವರೆಲ್ಲ ಬಲ್ಲರು.

ಈಗ ತುಳಜಾಪುರದ ಘಾಟಿನಲ್ಲಿ ಲಾರಿಯೊಂದರ ಹಿಂದೆ ನಿಂತ ಇಂಥ ಕಾರನ್ನು ಊಹಿಸಿಕೊಳ್ಳಿ. ಒಳಗೆ ಐವರು, ಏರು ದಾರಿ, ಟರ್ಬೊ ಇನ್ನೂ ಎಚ್ಚತ್ತಿಲ್ಲ. ಆಗ ಕಾರನ್ನು ಹೊರಡಿಸಲು ನೆರವಾಗುವುದು ಫ್ಲೈವೀಲಿನ ಗಂಟು. ಅದನ್ನು ಅರ್ಧ ಮಾಡಿದ್ದರೆ ಎಂಜಿನ್ ನಿಂತುಹೋಗಬಹುದು. ನಿಲ್ಲಬಾರದೆಂದು ಚಾಲಕನು ಹೆಚ್ಚು ಪೆಡಲು ತುಳಿದು ಕ್ಲಚ್ಚನ್ನು ಹೆಚ್ಚು ಹೊತ್ತು ಜಾರಿಸುತ್ತಾನೆ. ಆ ಉಜ್ಜಾಟದ ಬಿಸಿಯನ್ನು ಕುಡಿಯುವುದೂ ಫ್ಲೈವೀಲೇ. ಅದೇ ಲೋಹದ ಅರ್ಧ ತೂಕದ ಚಕ್ರ ಅಷ್ಟೇ ಬಿಸಿಗೆ ಎರಡರಷ್ಟು ಕಾಯುತ್ತದೆ. ಕ್ಲಚ್ ಬೇಗ ಸವೆಯುತ್ತದೆ.

ಎರಡನೆಯ ಪರಿಣಾಮ ಗೇರು ಬದಲಿಸುವಾಗಿನದು. 4000 ಸುತ್ತಿನಲ್ಲಿ ಒಂದನೆಯ ಗೇರು ಬಿಟ್ಟರೆ ಎರಡನೆಯದಕ್ಕೆ ಸುಮಾರು 2200 ಸುತ್ತು ಬೇಕು. ಹಗುರ ಚಕ್ರದಲ್ಲಿ ಎಂಜಿನ್ನಿನ ಸುತ್ತು ಬೇಗ ಇಳಿಯುತ್ತದೆ. ಕೈ ಚುರುಕಾಗಿದ್ದರೆ ಇದು ಅನುಕೂಲವೇ. ಗೇರು ಸರಾಗವಾಗಿ ಕೂಡುತ್ತದೆ. ಊರೊಳಗಿನ ನಿಧಾನದ ಕೈಯಾದರೆ ಗೇರು ಬೀಳುವಷ್ಟರಲ್ಲಿ ಸುತ್ತು 1500ಕ್ಕೆ ಇಳಿದಿರುತ್ತದೆ. ಗಾಡಿ ಮುಗ್ಗರಿಸುತ್ತದೆ, ಟರ್ಬೊ ಮತ್ತೆ ಮೊದಲಿನಿಂದ ಎಚ್ಚರಗೊಳ್ಳಬೇಕಾಗುತ್ತದೆ.

ಮೂರನೆಯದು ಒಂದು ಭ್ರಮೆ. ಹಗುರ ಚಕ್ರ ಹಾಕಿಸಿ ನ್ಯೂಟ್ರಲ್ಲಿನಲ್ಲಿ ಪೆಡಲು ತುಳಿದರೆ ಎಂಜಿನ್ ಥಟ್ಟನೆ ಕೂಗುತ್ತದೆ. ಟರ್ಬೊದ ತಡ ಹೋಯಿತೆಂದು ಚಾಲಕನು ನಂಬುತ್ತಾನೆ. ಆ ತಡಕ್ಕೆ ಕಾರಣ ಹೊಗೆಯ ಹರಿವು ಮತ್ತು ಟರ್ಬೊದೊಳಗಿನ ಚಕ್ರದ ಸ್ವಂತ ಜಡತ್ವ. ಫ್ಲೈವೀಲನ್ನು ತುರಿದರೆ ಅವೆರಡೂ ಬದಲಾಗುವುದಿಲ್ಲ.

ಯಾರಿಗೆ ಯಾವುದು?

ಡೀಸೆಲ್ ಟರ್ಬೊ ಕಾರಿಗೆ ಕಂಪನಿ ಕೊಟ್ಟ ತೂಕವೇ ಸರಿ. ಅದರ ಬಡಿತ ಒರಟು. ಚಕ್ರ ಹಗುರಾದರೆ ನಿಂತಲ್ಲಿಯೇ ಗಾಡಿ ನಡುಗುತ್ತದೆ, ಗೇರುಪೆಟ್ಟಿಗೆ ಗಲಗಲ ಎನ್ನುತ್ತದೆ. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್ ಟರ್ಬೊಗಳಿಗೂ ಬಹುಮಟ್ಟಿಗೆ ಇದೇ ಮಾತು. ಸ್ಕೋಡಾ ಕುಶಾಕಿನ 999 ಸಿಸಿ ಎಂಜಿನ್ನಿಗೆ 1750 ಸುತ್ತಿಗೇ 178 ನ್ಯೂಟನ್ ಮೀಟರ್ ಬಲ ಬರುತ್ತದೆಯಾದರೂ ಬಡಿತಗಳ ನಡುವಿನ ಬಿಡುವು ದೊಡ್ಡದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಟರ್ಬೊ ಇದ್ದು, ಒಡೆಯನಿಗೆ ಚುರುಕಾದ ಗೇರಿನ ಕೈ ಇದ್ದರೆ, ಮೂಲ ತೂಕದಲ್ಲಿ ಕಾಲು ಭಾಗದಷ್ಟು ಇಳಿಕೆ ದಿನಬಳಕೆಗೆ ಸಹ್ಯವಾದೀತು. ಅರ್ಧಕ್ಕಿಳಿಸಿದ ಚಕ್ರದ ಸ್ಥಾನ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಪಂದ್ಯದ ಹಾದಿ. ಅಲ್ಲಿ ಎಂಜಿನ್ ಸದಾ ಮೇಲಿನ ಸುತ್ತಿನಲ್ಲಿರುತ್ತದೆ; ಲಾರಿಯ ಹಿಂದೆ ಏರಿನಲ್ಲಿ ನಿಲ್ಲುವ ಪ್ರಸಂಗವಿಲ್ಲ.

ಇಂದಿನ ಹಲವು ಟರ್ಬೊ ಕಾರುಗಳಲ್ಲಿ ಎರಡು ಭಾಗದ ಫ್ಲೈವೀಲ್ ಇರುತ್ತದೆ. ಎರಡರ ನಡುವೆ ಸ್ಪ್ರಿಂಗುಗಳಿದ್ದು ಎಂಜಿನ್ನಿನ ಬಡಿತ ಗೇರುಪೆಟ್ಟಿಗೆಗೆ ಮುಟ್ಟದಂತೆ ನುಂಗುತ್ತವೆ. ಅದನ್ನು ತೆಗೆದು ಒಂದೇ ತುಂಡಿನ ಹಗುರ ಚಕ್ರ ಹಾಕುವುದಾದರೆ ಸ್ಪ್ರಿಂಗುಗಳಿರುವ ಕ್ಲಚ್ ಪ್ಲೇಟನ್ನೇ ಜೊತೆಗೆ ಹಾಕಬೇಕು. ಆಗಲೂ ಸದ್ದು ಹೆಚ್ಚುತ್ತದೆ. ಚಕ್ರ ತೀರ ಹಗುರಾದರೆ ಸುತ್ತಿನ ಏರಿಳಿತ ಹೆಚ್ಚಿ, ಎಂಜಿನ್ನಿನಲ್ಲಿ ಬಡಿತ ತಪ್ಪುತ್ತಿದೆಯೆಂದು ಕಾರಿನ ಕಂಪ್ಯೂಟರು ತಪ್ಪಾಗಿ ತಿಳಿದು ದೀಪ ಹೊತ್ತಿಸುವುದೂ ಉಂಟು.

ಲೇಥಿನ ಮಾತು

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಗಿರಾಕಿ ಬಯಸಿದ್ದು ಎರಕದ ಕಬ್ಬಿಣದ ಹಳೆಯ ಚಕ್ರವನ್ನು ತುರಿದು ತೆಳುವಾಗಿಸುವುದು. ಎರಕದ ಕಬ್ಬಿಣ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದರಲ್ಲಿ ದುರ್ಬಲ. ಬಾಗದೆ ಒಮ್ಮೆಗೇ ಸೀಳುತ್ತದೆ. ನಿಮಿಷಕ್ಕೆ 6000 ಸುತ್ತಿನಲ್ಲಿ ನಮ್ಮ ಉದಾಹರಣೆಯ ಚಕ್ರದ ಅಂಚು ಗಂಟೆಗೆ ಸುಮಾರು 294 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅಂಚಿನ ಒಂದು ಗ್ರಾಂ ಲೋಹ ಐದು ಕಿಲೊ ತೂಕದಂತೆ ಹೊರಕ್ಕೆ ಜಗ್ಗುತ್ತದೆ. ಮೊದಲೇ ಕ್ಲಚ್ಚಿನ ಬಿಸಿಯಿಂದ ಕೂದಲೆಳೆಯ ಬಿರುಕು ಬಿಟ್ಟ ಚಕ್ರ ತೆಳುವೂ ಆದರೆ ಒಡೆದು ಸಿಡಿಯಬಹುದು. ಅದರ ಚೂರುಗಳ ಹಾದಿಯಲ್ಲಿರುವುದು ಚಾಲಕನ ಕಾಲು. ಆದ್ದರಿಂದ ಹಗುರ ಚಕ್ರ ಬೇಕೇ ಬೇಕೆಂದರೆ ಅದಕ್ಕಾಗಿಯೇ ಮಾಡಿದ, ಪರೀಕ್ಷೆಯಾದ ಉಕ್ಕಿನ ಚಕ್ರವನ್ನು, ಇಲ್ಲವೇ ಕ್ಲಚ್ ಉಜ್ಜುವಲ್ಲಿ ಉಕ್ಕಿನ ಬಳೆ ಕೂಡಿಸಿದ ಅಲ್ಯೂಮಿನಿಯಂ ಚಕ್ರವನ್ನು ಕೊಂಡು, ಸಮತೋಲ ನೋಡಿಸಿ ಹಾಕಬೇಕು.

ಈ ಲೆಕ್ಕವನ್ನು ನನ್ನ ವಿದ್ಯಾರ್ಥಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದನು. ವಾರದ ಮೇಲೆ ಫೋನು ಮಾಡಿದನು. 74 ಕಿಲೊದ ಮಾತು ಕೇಳಿ ಗಿರಾಕಿ ಹಿಗ್ಗಿದನಂತೆ. ಐದನೆಯ ಗೇರಿನ 4 ಕಿಲೊ ಕೇಳಿ ಸುಮ್ಮನಾದನಂತೆ. ಕಾಲಿನ ಮಾತು ಬಂದಾಗ, "ಹಂಗಾದ್ರ ಇದ್ದದ್ದ ಇರಲಿ, ಕ್ಲಚ್ ಪ್ಲೇಟ್ ಅಷ್ಟ ಹೊಸಾದು ಹಾಕ್ರಿ" ಎಂದನಂತೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಸಂಚಿಕೆಗೆ ನಿಮ್ಮಿಂದ ಒಂದು ಬರಹ ಬೇಕು. ನಿಮ್ಮ ಮನೆಯ ಅಥವಾ ಹೊಲದ ಒಂದು ಸಾಧನವನ್ನು ಆರಿಸಿಕೊಳ್ಳಿ. ಅದನ್ನು ದಿನವೂ ಬಳಸುವವರ ಬಾಯಿಂದ ಶಬ್ದಗಳನ್ನು ಕೇಳಿ ಬರೆದುಕೊಳ್ಳಿ. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಎರಡು ಪುಟಗಳಲ್ಲಿ ವಿವರಿಸಿ. ಬರೆದ ಮೇಲೆ ಅವರಿಗೇ ಓದಿ ತೋರಿಸಿ, ಅವರು ತಲೆದೂಗಿದ ಮೇಲೆ ನನಗೆ ತಂದುಕೊಡಿ.