ಕ್ರಿಯಾಪದದ ಕೊನೆಯಲ್ಲಿ ಕರ್ತೃ: ಇಟಾಲಿಯನ್ ಆಖ್ಯಾತ ಪ್ರತ್ಯಯಗಳ ಪರಿಚಯ

ಕಾಸರಗೋಡಿನ ಕನ್ನಡ ಮನೆಯ ಮಗು ಮಲಯಾಳವನ್ನು ಕಲಿಯುವಾಗ ತನಗರಿವಿಲ್ಲದೆಯೇ ಒಂದು ವ್ಯಾಕರಣಭೇದವನ್ನು ದಾಟುತ್ತದೆ. ‘ಬಂದೆನು, ಬಂದಳು, ಬಂದೆವು’ ಎಂಬಲ್ಲಿ ಬಂದವರು ಯಾರೆಂಬುದನ್ನು ಕನ್ನಡದ ಕ್ರಿಯಾಪದವೇ ತಿಳಿಸುತ್ತದೆ. ಮಲಯಾಳದಲ್ಲಿ ಇವೆಲ್ಲಕ್ಕೂ ‘ವನ್ನು’ ಎಂಬ ಒಂದೇ ರೂಪ; ಕರ್ತೃವನ್ನು ಸರ್ವನಾಮದಿಂದಲೋ ಸಂದರ್ಭದಿಂದಲೋ ಅರಿಯಬೇಕು. ಈ ವಿಷಯದಲ್ಲಿ ಇಟಾಲಿಯನ್ ಭಾಷೆಯು ಕನ್ನಡದ ಪಕ್ಷದಲ್ಲಿದೆ.

ಲ್ಯಾಟಿನ್ನಿನಲ್ಲಿದ್ದ ನಾಲ್ಕು ಕ್ರಿಯಾಗಣಗಳು ಇಟಾಲಿಯನ್ನಿನಲ್ಲಿ ಮೂರಾಗಿವೆ. ನಿಘಂಟಿನ ರೂಪವು ‘ಆರೆ’, ‘ಎರೆ’, ‘ಈರೆ’ ಎಂದು ಕೊನೆಗೊಳ್ಳುವುದರಿಂದ ಗಣವನ್ನು ಗುರುತಿಸಬಹುದು: ಪಾರ್ಲಾರೆ (ಮಾತನಾಡು), ಕ್ರೇದೆರೆ (ನಂಬು), ದೊರ್ಮೀರೆ (ನಿದ್ರಿಸು). ಈ ಅಂತ್ಯವನ್ನು ತೆಗೆದರೆ ಉಳಿಯುವುದು ಧಾತು. ಅದಕ್ಕೆ ವರ್ತಮಾನದ ಪ್ರತ್ಯಯಗಳು ಹೀಗೆ ಸೇರುತ್ತವೆ:

ಉತ್ತಮ ಪುರುಷ ಏಕವಚನ: ಪಾರ್ಲೊ, ಕ್ರೇದೊ, ದೊರ್ಮೊ
ಮಧ್ಯಮ ಪುರುಷ ಏಕವಚನ: ಪಾರ್ಲಿ, ಕ್ರೇದಿ, ದೊರ್ಮಿ
ಪ್ರಥಮ ಪುರುಷ ಏಕವಚನ: ಪಾರ್ಲ, ಕ್ರೇದೆ, ದೊರ್ಮೆ
ಉತ್ತಮ ಪುರುಷ ಬಹುವಚನ: ಪಾರ್ಲಿಯಾಮೊ, ಕ್ರೆದಿಯಾಮೊ, ದೊರ್ಮಿಯಾಮೊ
ಮಧ್ಯಮ ಪುರುಷ ಬಹುವಚನ: ಪಾರ್ಲಾತೆ, ಕ್ರೆದೇತೆ, ದೊರ್ಮೀತೆ
ಪ್ರಥಮ ಪುರುಷ ಬಹುವಚನ: ಪಾರ್ಲನೊ, ಕ್ರೇದೊನೊ, ದೊರ್ಮೊನೊ

‘ಒ’, ‘ಇ’, ‘ಇಯಾಮೊ’ ಎಂಬ ಮೂರು ಪ್ರತ್ಯಯಗಳು ಎಲ್ಲ ಗಣಗಳಿಗೂ ಸಮಾನ. ಗಣದ ಸ್ವರವು ‘ಆತೆ, ಏತೆ, ಈತೆ’ಗಳಲ್ಲಿ ಸ್ಪಷ್ಟವಾಗಿ ಉಳಿದಿದೆ. ‘ನಾವು’, ‘ನೀವು’ ರೂಪಗಳಲ್ಲಿ ಒತ್ತು ಪ್ರತ್ಯಯದ ಮೇಲೆ, ಉಳಿದವುಗಳಲ್ಲಿ ಧಾತುವಿನ ಮೇಲೆ ಬೀಳುತ್ತದೆ. ಆದ್ದರಿಂದ ‘ಪಾರ್ಲನೊ’ ಎಂಬುದನ್ನು ‘ಪಾರ್ಲಾನೊ’ ಎಂದೆಳೆಯುವುದು ದೋಷ. ಮೂರನೆಯ ಗಣದ ಬಹುಪಾಲು ಕ್ರಿಯೆಗಳಲ್ಲಿ ಇದೇ ನಾಲ್ಕು ರೂಪಗಳಿಗೆ ಪ್ರತ್ಯಯದ ಮುನ್ನ ‘ಇಸ್ಕ್’ ಎಂಬ ಆಗಮವುಂಟು: ಫಿನೀರೆ (ಮುಗಿಸು) ಎಂಬುದರಿಂದ ಫಿನಿಸ್ಕೊ, ಆದರೆ ಫಿನಿಯಾಮೊ, ಫಿನೀತೆ.

ಪ್ರತ್ಯಯವೇ ಕರ್ತೃವನ್ನು ಸೂಚಿಸುವುದರಿಂದ ‘ಇಯೊ’ (ನಾನು) ಎಂಬ ಸರ್ವನಾಮವನ್ನು ಒತ್ತಿ ಹೇಳಬೇಕಾದಾಗ ಮಾತ್ರ ಬಳಸುವುದು ವಾಡಿಕೆ. ಸಂಭಾವನಾರ್ಥದ ವರ್ತಮಾನದಲ್ಲಿ ಮಾತ್ರ ಏಕವಚನದ ಮೂರೂ ಪುರುಷಗಳಿಗೆ ‘ಪಾರ್ಲಿ’ ಎಂಬ ಒಂದೇ ರೂಪ. ಪ್ರತ್ಯಯವು ಭೇದವನ್ನು ತೋರದ ಅಲ್ಲಿ ಸಂದೇಹ ನಿವಾರಣೆಗೆ ಸರ್ವನಾಮವು ಮರಳಿ ಬರುತ್ತದೆ.

ಕನ್ನಡಿಗರು ಎಚ್ಚರ ವಹಿಸಬೇಕಾದ ಸ್ಥಳಗಳೆರಡು. ‘ಬಂದನು, ಬಂದಳು’ ಎಂಬ ಲಿಂಗಭೇದ ಇಟಾಲಿಯನ್ ವರ್ತಮಾನದ ಪ್ರತ್ಯಯಗಳಲ್ಲಿಲ್ಲ. ‘ಪಾರ್ಲ’ ಎಂಬುದು ಅವನಿಗೂ ಅವಳಿಗೂ ಸಲ್ಲುತ್ತದೆ. ಗೌರವಕ್ಕೆ ನಾವು ಬಹುವಚನವನ್ನು ಬಳಸಿದರೆ, ಇಂದಿನ ಇಟಾಲಿಯನ್ನಿನಲ್ಲಿ ಎದುರಿನ ಹಿರಿಯರನ್ನು ಸಾಮಾನ್ಯವಾಗಿ ‘ಲೇಯಿ’ ಎಂದು ಪ್ರಥಮ ಪುರುಷ ಏಕವಚನದಿಂದ ಮಾತನಾಡಿಸುತ್ತಾರೆ.

ಇಂಗ್ಲಿಷಿನ ಮೂಲಕ ಈ ಭಾಷೆಯನ್ನು ಕಲಿಯುವವರು ಆರು ರೂಪಗಳನ್ನು ಹೊರೆಯೆಂದು ಬಗೆದು, ಪ್ರತಿ ವಾಕ್ಯದಲ್ಲೂ ‘ಇಯೊ’ ಸೇರಿಸುವುದುಂಟು. ಗಡಿನಾಡಿನ ವಿದ್ಯಾರ್ಥಿಗೆ ಆ ಬಳಸುದಾರಿ ಬೇಕಿಲ್ಲ. ಶಾಲೆಯ ಮಾಧ್ಯಮ ಯಾವುದೇ ಇರಲಿ, ‘ಬಂದೆನು, ಬಂದೆವು’ಗಳ ವ್ಯವಸ್ಥೆ ಮನೆಮಾತಿನಿಂದಲೇ ಅವನಿಗೆ ದಕ್ಕಿದೆ. ಪಾಠವು ಅಲ್ಲಿಂದಲೇ ಆರಂಭವಾಗಬಹುದು.