ರೋಗಿಯ ಕೈಯ ತುತ್ತು

ನಾಯಿ ಮನೆಯನ್ನು ಕಾಯುತ್ತದೆ, ಬೆಕ್ಕು ಇಲಿಯನ್ನು ಹಿಡಿಯುತ್ತದೆ, ಹಸು ಹಾಲನ್ನು ಕೊಡುತ್ತದೆ. ಸಾಕುಪ್ರಾಣಿಗಳ ಉಪಯೋಗವನ್ನು ಕುರಿತು ಶಾಲೆಯಲ್ಲಿ ನಾವೆಲ್ಲ ಬರೆದ ಪ್ರಬಂಧ ಇಲ್ಲಿಗೆ ಮುಗಿಯುತ್ತಿತ್ತು. ಅವು ಮನುಷ್ಯನ ಕಾಯಿಲೆಯನ್ನೂ ಹಗುರಗೊಳಿಸಬಲ್ಲವೆಂದು ಸೇರಿಸಿದ್ದರೆ ಉಪಾಧ್ಯಾಯರು ಆ ಮಾತಿನ ಕೆಳಗೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದರೇನೋ! ಆದರೆ ವೈದ್ಯರು ಈ ವಿಷಯವನ್ನು ಗಂಭೀರವಾಗಿ ಪರಿಗಣಿಸತೊಡಗಿ ಬಹಳ ಕಾಲವಾಯಿತು. ಪ್ರಾಣಿಯ ಸಹವಾಸದಲ್ಲಿ ರೋಗಿಗೆ ಹಿತವನ್ನುಂಟುಮಾಡುವ ಅಂಶವಾದರೂ ಯಾವುದು? ನನ್ನನ್ನು ಕೆಣಕಿದ ಪ್ರಶ್ನೆ ಇದು.

ಈ ಕಥೆಯನ್ನು ಇಂಗ್ಲೆಂಡಿನ ಯಾರ್ಕ್ ಪಟ್ಟಣದಿಂದ ಪ್ರಾರಂಭಿಸಬಹುದು. ಬುದ್ಧಿಭ್ರಮಣೆಗೆ ಒಳಗಾದವರನ್ನು ಸರಪಳಿಯಿಂದ ಬಿಗಿಯುವುದು ಸಾಮಾನ್ಯವಾಗಿದ್ದ ಕಾಲವದು. ಅಲ್ಲಿನ ಹುಚ್ಚಾಸ್ಪತ್ರೆಯಲ್ಲಿ 1790ರಲ್ಲಿ ತಮ್ಮ ಪಂಥದ ಹೆಂಗಸೊಬ್ಬಳು ತೀರಿಕೊಂಡದ್ದಕ್ಕಾಗಿ ಮರುಗಿದ ಕ್ವೇಕರ್ ಪಂಥದವರು, ವಿಲಿಯಂ ಟ್ಯೂಕ್ ಎಂಬ ಚಹಾ ವರ್ತಕನ ಮುಂದಾಳುತನದಲ್ಲಿ 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯವನ್ನು ತೆರೆದರು. ಅದರ ಅಂಗಳಗಳಲ್ಲಿ ಮೊಲ, ಕೋಳಿ, ಕಡಲಹಕ್ಕಿ, ಗಿಡುಗಗಳನ್ನು ಸಾಕಿದ್ದರು. ಅವುಗಳೊಡನೆ ರೋಗಿಗಳಿಗೆ ಬಳಕೆ ಬೆಳೆದು, ಕೆಲವು ವೇಳೆ ಅವರಲ್ಲಿ ಉಡುಗಿಹೋಗಿದ್ದ ಸ್ನೇಹ, ಕನಿಕರಗಳು ಎಚ್ಚರಗೊಳ್ಳುತ್ತವೆಂದು ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲ್ 1813ರ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ.

ಮುಂದೆ ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯನ್ನು ಕುರಿತ ತನ್ನ ಪ್ರಸಿದ್ಧ ಪುಸ್ತಕದಲ್ಲಿ ಈ ಮಾತನ್ನೆತ್ತಿದಳು. ಆಕೆ ಬರೆದ ಎರಡು ಸಂಗತಿಗಳು ನನಗೆ ಬಹಳ ಅರ್ಥವತ್ತಾಗಿ ತೋರುತ್ತವೆ. ಮೊದಲನೆಯದು, ದಾದಿಯ ಆರೈಕೆಗಿಂತ ನಾಯಿಯ ಆರೈಕೆಯೇ ಮೇಲೆಂದ ರೋಗಿಯೊಬ್ಬನದು. ಆತ ಕೊಟ್ಟ ಕಾರಣವೆಂದರೆ, ನಾಯಿ ಮಾತನಾಡುವುದಿಲ್ಲ! ಎರಡನೆಯದು, ವರ್ಷಗಟ್ಟಲೆ ಒಂದೇ ಕೋಣೆಯಲ್ಲಿರುವ ರೋಗಿಯ ಪಂಜರದ ಹಕ್ಕಿಯನ್ನು ಕುರಿತದ್ದು. ಅದಕ್ಕೆ ಕಾಳು ಹಾಕುವುದನ್ನೂ ಗೂಡು ಗುಡಿಸುವುದನ್ನೂ ರೋಗಿಯೇ ಮಾಡಬಲ್ಲನಾದರೆ ಅವನಿಂದಲೇ ಮಾಡಿಸಬೇಕೆಂದು ಆಕೆ ಸಲಹೆಯಿತ್ತಳು.

ಮೊದಲನೆಯ ಸಂಗತಿಯ ಸತ್ಯವನ್ನು ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅಕಸ್ಮಾತ್ತಾಗಿ ಕಂಡುಕೊಂಡ. ಯಾರೊಡನೆಯೂ ಬೆರೆಯದಿದ್ದ ಹುಡುಗನೊಬ್ಬ ಗೊತ್ತಾದ ವೇಳೆಗೆ ಮುಂಚೆಯೇ ಅವನ ಕೋಣೆಗೆ ಬಂದ; ಅಲ್ಲಿದ್ದ ಜಿಂಗಲ್ಸ್ ಎಂಬ ನಾಯಿ ಓಡಿಬಂದು ಹುಡುಗನನ್ನು ನೆಕ್ಕಿತು. ಆ ನಾಯಿಯೊಡನೆ ಆಡುವುದಕ್ಕಾಗಿ ಮರಳಿ ಬರತೊಡಗಿದ ಬಾಲಕ ಕ್ರಮೇಣ ವೈದ್ಯನನ್ನೂ ಆಟಕ್ಕೆ ಸೇರಿಸಿಕೊಂಡ. ನಾಯಿಯನ್ನು ತನ್ನ ಸಹಚಿಕಿತ್ಸಕನೆಂದು ಕರೆದು ಲೆವಿನ್ಸನ್ 1962ರಲ್ಲಿ ಲೇಖನವನ್ನು ಪ್ರಕಟಿಸಿದ. ಹಿರಿಯರೆಲ್ಲರೂ ತನ್ನನ್ನು ಪರೀಕ್ಷಿಸುತ್ತಿರುವಾಗ, ಪರೀಕ್ಷಿಸದ ಒಂದು ಜೊತೆ ಕಣ್ಣುಗಳು ಆ ಮಗುವಿಗೆ ದೊರೆತವು.

ಎರಡನೆಯ ಸಂಗತಿ ಇನ್ನೂ ಆಳವಾದುದು. ಕಾಯಿಲೆಯೆಂದರೆ ನೋವು, ಜ್ವರ, ಕಹಿ ಔಷಧ ಎಂದು ಆರೋಗ್ಯವಂತರು ಎಣಿಸುತ್ತಾರೆ. ನಾನೊಮ್ಮೆ ಎರಡು ತಿಂಗಳು ಹಾಸಿಗೆ ಹಿಡಿದಿದ್ದೆ. ವೇಳೆಗೆ ಸರಿಯಾಗಿ ಗಂಜಿ ಬರುತ್ತಿತ್ತು, ಮಾತ್ರೆ ಬರುತ್ತಿತ್ತು. ಏನು ಬೇಕೆಂದು ಎಲ್ಲರೂ ಕೇಳುತ್ತಿದ್ದರು. ನನ್ನಿಂದ ಏನಾದರೂ ಬೇಕೆಂದು ಕೇಳಿದವರು ಒಬ್ಬರೂ ಇರಲಿಲ್ಲ. ಪ್ರೀತಿಗೆ ಕೊರತೆಯಿರಲಿಲ್ಲ. ಆದರೂ ಎಲ್ಲರಿಂದ ಪಡೆಯುತ್ತ, ಯಾರಿಗೂ ಏನನ್ನೂ ಕೊಡಲಾರದೆ ಬಿದ್ದಿರುವ ಸಂಕಟವು ಜ್ವರಕ್ಕಿಂತ ಹೆಚ್ಚು ಸುಡುತ್ತದೆ. ಹಸಿದ ಪ್ರಾಣಿಗೆ ಈ ದಾಕ್ಷಿಣ್ಯವಿಲ್ಲ. ಯಜಮಾನ ರೋಗಿಯೆಂದು ಅದು ತನ್ನ ತುತ್ತನ್ನು ಬಿಟ್ಟುಕೊಡುವುದಿಲ್ಲ.

ಇದು ಕೇವಲ ಭಾವುಕತೆಯಲ್ಲವೆಂಬುದಕ್ಕೆ ಆಧಾರವುಂಟು. ಎಲೆನ್ ಲ್ಯಾಂಗರ್, ಜೂಡಿತ್ ರೋಡಿನ್ ಎಂಬ ವಿದುಷಿಯರು ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ವೃದ್ಧಾಶ್ರಮವೊಂದರಲ್ಲಿ ನಡೆಸಿದ ಪ್ರಯೋಗವನ್ನು 1976ರಲ್ಲಿ ಪ್ರಕಟಿಸಿದರು. ಕೆಲವು ವೃದ್ಧರಿಗೆ ಒಂದೊಂದು ಗಿಡವನ್ನು ಕೊಟ್ಟು, ಅದನ್ನು ನೋಡಿಕೊಳ್ಳುವ ಭಾರ ನಿಮ್ಮದೆಂದರು; ದಿನಚರಿಯ ಕೆಲವು ತೀರ್ಮಾನಗಳನ್ನೂ ಅವರಿಗೇ ಬಿಟ್ಟರು. ಉಳಿದವರಿಗೂ ಗಿಡ ಸಿಕ್ಕಿತು, ಆದರೆ ನೀರೆರೆಯುವ ಕೆಲಸ ದಾದಿಯರದು. ಮೊದಲ ಗುಂಪಿನವರೇ ಹೆಚ್ಚು ಚುರುಕಾಗಿಯೂ ಸಂತೋಷವಾಗಿಯೂ ಕಂಡುಬಂದರು. ಗಿಡ ಎರಡೂ ಕಡೆಯಲ್ಲಿತ್ತು. ಹೊಣೆ ಒಂದು ಕಡೆಯಲ್ಲಿ ಮಾತ್ರ.

ಇದನ್ನೇ ಪ್ರಾಣಿಗಳ ವಿಷಯದಲ್ಲಿ ಮಾಡಿ ನೋಡಿದವನು ಡಾಕ್ಟರ್ ವಿಲಿಯಂ ಥಾಮಸ್. 1991ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ನ್ಯೂ ಬರ್ಲಿನ್ ಎಂಬ ಊರಿನ ವೃದ್ಧಾಶ್ರಮಕ್ಕೆ ಆತ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿಗಳನ್ನು ತರಿಸಿದ. ಹಕ್ಕಿಗಳು ಬಂದವು, ಪಂಜರಗಳು ಬರಲಿಲ್ಲ! ನೂರು ಪುಟ್ಟ ಗಿಳಿಗಳನ್ನು ಕೂದಲು ಕತ್ತರಿಸುವ ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕಬೇಕಾಯಿತು. ಗಿಳಿಗಳೆಲ್ಲವನ್ನೂ ವೃದ್ಧರು ತಮ್ಮವಾಗಿ ಮಾಡಿಕೊಂಡು ಹೆಸರಿಟ್ಟರು. ನಡೆಯಲೊಲ್ಲದಿದ್ದವರು ಬಂದು ನಾಯಿಯನ್ನು ತಾವೇ ತಿರುಗಾಡಿಸುತ್ತೇವೆಂದರು. ಅಲ್ಲಿ ಪ್ರತಿಯೊಬ್ಬರಿಗೂ ಬೇಕಾಗುತ್ತಿದ್ದ ಔಷಧಗಳು ಹೋಲಿಕೆಗೆ ತೆಗೆದುಕೊಂಡ ಇನ್ನೊಂದು ಆಶ್ರಮದ ಅರ್ಧಕ್ಕಿಳಿದವೆಂದು ವೈದ್ಯ ಲೇಖಕ ಅತುಲ್ ಗವಾಂಡೆ 2014ರ ತಮ್ಮ ಪುಸ್ತಕದಲ್ಲಿ ತಿಳಿಸಿದ್ದಾರೆ.

ಅಂಕಿಗಳ ವಿಷಯದಲ್ಲಿ ಎಚ್ಚರವೂ ಬೇಕು. ಎರಿಕಾ ಫ್ರೀಡ್ಮನ್ ಮತ್ತು ಸಂಗಡಿಗರು 1980ರಲ್ಲಿ 92 ಹೃದ್ರೋಗಿಗಳ ಲೆಕ್ಕವನ್ನು ಪ್ರಕಟಿಸಿದರು. ಪ್ರಾಣಿ ಸಾಕಿದ್ದ 53 ಮಂದಿಯಲ್ಲಿ ವರ್ಷದೊಳಗೆ ತೀರಿಕೊಂಡವರು 3. ಸಾಕದಿದ್ದ 39 ಮಂದಿಯಲ್ಲಿ 11. ಆದರೆ ಕೊಂಚ ಗಟ್ಟಿಮುಟ್ಟಾದವರೇ ಪ್ರಾಣಿಯನ್ನು ಸಾಕುತ್ತಿರಬಹುದಲ್ಲವೇ? ಮುಂದಿನ ಸಂಶೋಧನೆಗಳೆಲ್ಲ ಒಂದೇ ಮಾತನ್ನಾಡಿಲ್ಲ. ನಾಯಿ ಸಾಕುವುದರಿಂದ ಹೃದಯಕ್ಕೆ ಒಳಿತಾಗಬಹುದೆಂದು ಒಪ್ಪಿದ ಅಮೆರಿಕದ ಹೃದಯ ಸಂಘವು 2013ರಲ್ಲಿ, ಅದನ್ನೇ ಮುಖ್ಯ ಉದ್ದೇಶವಾಗಿಟ್ಟುಕೊಂಡು ಪ್ರಾಣಿಯನ್ನು ತರಬಾರದೆಂದೂ ಹೇಳಿತು. ಇದು ವಿವೇಕದ ಮಾತು. ನಾಯಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದನ್ನು ಹಾಕಿಸಬೇಕು, ಅದರ ಹಸಿವು ದಣಿವುಗಳನ್ನು ಅರಿಯಬೇಕು. ಗುಣವಾದೊಡನೆ ಸೀಸೆಯನ್ನು ಎಸೆಯುವಂತೆ ಅದನ್ನು ಬೀದಿಗಟ್ಟುವವನಿಗೆ ಅದರ ಸೇವೆಯನ್ನು ಪಡೆಯುವ ಹಕ್ಕಿಲ್ಲ.

ಎಲ್ಲ ಮನೆಗಳಲ್ಲೂ ನಾಯಿಯನ್ನಾಗಲಿ ಹಕ್ಕಿಯನ್ನಾಗಲಿ ಸಾಕಲಾಗುವುದಿಲ್ಲ. ಆದರೆ ಆ ಮೂಕಪ್ರಾಣಿಗಳು ಕಲಿಸಿದ ಪಾಠ ಎಲ್ಲ ಮನೆಗಳಿಗೂ ಸಲ್ಲುತ್ತದೆ. ಮೂಲೆಯ ಮಂಚದಲ್ಲಿರುವ ಅಜ್ಜಿಯ ಮುಂದೆ ಒಂದು ಮೊರ ಅವರೆಕಾಯಿಯನ್ನಿಟ್ಟು ಸುಲಿದುಕೊಡೆಂದು ಕೇಳಬಹುದು. ಮೊಮ್ಮಗನಿಗೆ ಮಗ್ಗಿ ಹೇಳಿಕೊಡೆನ್ನಬಹುದು. ನಾವು ದಯೆಯಿಂದಲೇ ಅವರ ಕೈಯಿಂದ ಕೆಲಸವನ್ನು ಕಿತ್ತುಕೊಳ್ಳುತ್ತೇವೆ. ಬಾಲವಾಡಿಸುತ್ತ ಬಂದು ನಿಲ್ಲುವ ನಾಯಿಯಾದರೋ ಅವರ ಕೈಯಿಂದಲೇ ತುತ್ತನ್ನು ಬೇಡುತ್ತದೆ.