ಅಟ್ಟದ ಪೆಠಾರಿ: ಮನೆತನದ ವಸ್ತುಗಳಲ್ಲಿ ಇರಿಸತಕ್ಕವೂ ಬಿಡತಕ್ಕವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಳೆಯ ತೊಟ್ಟಿಯ ಮನೆಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಮಕ್ಕಳು ಬೆಂಗಳೂರು ಮೈಸೂರುಗಳಲ್ಲೋ ಸಮುದ್ರದಾಚೆಯಲ್ಲೋ ನೆಲಸಿರುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ಮನೆಯನ್ನು ಮಾರುವುದೋ ಪಾಲು ಮಾಡಿಕೊಳ್ಳುವುದೋ ಅನಿವಾರ್ಯವಾಗುತ್ತದೆ. ಆಗ ಅಟ್ಟದ ಮೇಲಿನ ಪೆಠಾರಿ ಕೆಳಗಿಳಿಯುತ್ತದೆ. ಅದರಲ್ಲಿರುವ ಸಾಮಗ್ರಿಯಲ್ಲಿ ಯಾವುದನ್ನು ಇರಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಉತ್ತರಕ್ರಿಯೆಗೆ ಬಂದ ಬಂಧುಗಳು ಊರಿಗೆ ಹೊರಡುವುದರೊಳಗಾಗಿ, ಎರಡು ಮೂರು ದಿವಸಗಳಲ್ಲಿ, ತೀರ್ಮಾನಿಸಬೇಕಾಗಿ ಬರುತ್ತದೆ.

ಇದು ಆಯಾ ಮನೆಯವರ ವಿಚಾರ, ವಿಶ್ವವಿದ್ಯಾನಿಲಯದ ವಿಭಾಗವೊಂದಕ್ಕೆ ಇದರಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವಿದೆ. ಅರಮನೆಯ ಚರಿತ್ರೆಗೆ ಶಾಸನಗಳೂ ಸರ್ಕಾರದ ದಫ್ತರಗಳೂ ಆಧಾರವಾಗಿ ಒದಗುತ್ತವೆ. ಸಾಮಾನ್ಯ ಸಂಸಾರಗಳ ಚರಿತ್ರೆಗೆ ಆಧಾರವಾಗತಕ್ಕದ್ದು ಬಹುಭಾಗ ಇಂತಹ ಪೆಠಾರಿಗಳಲ್ಲಿಯೇ ಇದೆ. ಮೇಲಾಗಿ ಆ ಪೆಠಾರಿಯ ಮುಂದೆ ಕುಳಿತು ತೀರ್ಮಾನ ಮಾಡುವವರು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ಮನೆಯವರೇ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಮನೆಯವರು ಅಕ್ಕರೆಯಿಂದ ಉಳಿಸಿಕೊಳ್ಳುವ ವಸ್ತುವೂ ಕಾಲಾಂತರದಲ್ಲಿ ಸಾಕ್ಷಿಯಾಗಿ ನಿಲ್ಲುವ ವಸ್ತುವೂ ಬಹುಮಟ್ಟಿಗೆ ಬೇರೆ ಬೇರೆ. ದೀಪದ ಕಂಬಕ್ಕಾಗಿ ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬರುತ್ತದೆ; ಅದೇ ಪೆಠಾರಿಯ ತಳದಲ್ಲಿದ್ದ ಕಾಗದದ ಕಟ್ಟು ಯಾರ ಕಣ್ಣಿಗೂ ಬೀಳದೆ ಬಚ್ಚಲ ಒಲೆಯನ್ನು ಸೇರುತ್ತದೆ. ದೀಪದ ಕಂಬದಂತಹುದು ಇನ್ನೂ ನೂರು ಮನೆಗಳಲ್ಲಿ ಇದ್ದೀತು. ಆ ಕಾಗದದ ಕಟ್ಟು ಲೋಕದಲ್ಲಿ ಅದೊಂದೇ.

ಕಾಗದಪತ್ರಗಳಿಗೆ ಈ ಅನಾದರ ಹೇಗೆ ಬಂದಿತೆಂಬುದನ್ನು ವಿಚಾರಿಸಬೇಕು. ನಮ್ಮ ಹಿರಿಯರು ಪತ್ರಗಳನ್ನು ಜೋಪಾನ ಮಾಡಿದ್ದು ನೆನಪಿಗಾಗಿ ಅಲ್ಲ, ಹಕ್ಕಿಗಾಗಿ. ಇನಾಮು ಜಮೀನಿನ ಸನ್ನದು, ಕ್ರಯಪತ್ರ, ಪಾಲುಪಟ್ಟಿ, ಭೋಗ್ಯಪತ್ರ ಇವೆಲ್ಲ ಕಷ್ಟಕಾಲದಲ್ಲಿ ಮುಂದೆ ಹಿಡಿಯತಕ್ಕ ಆಯುಧಗಳು. ಬಿ. ಎಲ್. ರೈಸ್ ಅವರು ೧೯೦೨ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ಆ ಗ್ರಂಥಮಾಲೆಯಲ್ಲಿ ಅಚ್ಚಾಗಿರುವ ತಾಮ್ರಶಾಸನಗಳಲ್ಲಿ ಎಷ್ಟೋ ಗೃಹಸ್ಥರ ಮನೆಗಳಲ್ಲಿ ದೊರೆತಂಥವು. ದಾನವಾಗಿ ಬಂದ ಭೂಮಿ ಕೈತಪ್ಪಬಾರದೆಂಬ ಎಚ್ಚರವೇ ಆ ತಗಡುಗಳನ್ನು ಕಾಪಾಡಿತು.

ಸ್ವಾತಂತ್ರ್ಯ ಬಂದ ಮೇಲೆ ಈ ಹಕ್ಕುಗಳು ಒಂದರ ಹಿಂದೊಂದು ಮುಗಿದವು. ೧೯೫೪ರ ಮತ್ತು ೧೯೫೫ರ ಅಧಿನಿಯಮಗಳು ಮೈಸೂರು ಸಂಸ್ಥಾನದಲ್ಲಿ ಇನಾಮುಗಳನ್ನು ರದ್ದುಗೊಳಿಸಿದವು. ೧೯೬೧ರ ಗ್ರಾಮಾಧಿಕಾರ ರದ್ದಿಯಾತಿ ಅಧಿನಿಯಮವು ೧೯೬೩ರ ಫೆಬ್ರವರಿ ೧ರಿಂದ ಜಾರಿಗೆ ಬಂದು ವಂಶಪಾರಂಪರ್ಯವಾದ ಶಾನುಭೋಗಿಕೆಯೂ ಪಟೇಲಿಕೆಯೂ ಕೊನೆಗೊಂಡವು. ೧೯೭೪ರಲ್ಲಿ ಜಾರಿಯಾದ ಭೂಸುಧಾರಣೆಯ ತಿದ್ದುಪಡಿ ಗೇಣಿಯ ಸಂಬಂಧವನ್ನೂ ಕಡಿಯಿತು. ಈ ಕಾನೂನುಗಳು ನ್ಯಾಯವಾದವೇ. ಆ ವಿಚಾರ ಇಲ್ಲಿ ಪ್ರಸ್ತುತವಲ್ಲ. ಕಾಗದಗಳ ಮಟ್ಟಿಗೆ ಮಾತ್ರ ಇವುಗಳ ಫಲ ವಿಚಿತ್ರವಾಯಿತು. ಇಪ್ಪತ್ತು ವರ್ಷಗಳ ಅಂತರದಲ್ಲಿ ಮನೆಯ ಅತ್ಯಂತ ಬೆಲೆಯುಳ್ಳ ಪತ್ರಗಳು ನಿರುಪಯುಕ್ತವಾಗಿ ಹೋದವು. ಹಕ್ಕು ಹೋದ ಮೇಲೆ ಅವು ನೆನಪಿನ ವಸ್ತುಗಳಾದವು. ನೆನಪು ಮಾಡಿಕೊಳ್ಳುವವರು ಹೋದ ಮೇಲೆ ಕಸವಾದವು.

ಶಾನುಭೋಗರ ಮನೆಗಳಲ್ಲಿ ಈ ಬದಲಾವಣೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಸರ್ಕಾರಿ ಲೆಕ್ಕ ತಾಲ್ಲೂಕು ಕಚೇರಿಗೆ ಸೇರತಕ್ಕದ್ದು. ಆದರೆ ಖಾಸಗಿ ಖರಡೆಗಳು, ಸಾಲದ ಪುಸ್ತಕಗಳು, ಹಳೆಯ ಕಡತಗಳು ಮನೆಯಲ್ಲೇ ಉಳಿಯುವಂಥವು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ ಕಾದಂಬರಿಯನ್ನು ಓದಿದವರಿಗೆ, ಗಂಡನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ತಾನೇ ಕುಳಿತು ಬರೆಯುವುದು ನೆನಪಿದ್ದೀತು. ಅಕ್ಷರದ ಮೋಡಿಯನ್ನು ನೋಡಿ ಇದು ಯಾರ ಕೈಬರಹವೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಕೂಡಲೇ ಕೇಳಿ ಬರೆದಿಟ್ಟುಕೊಳ್ಳಬೇಕು. ಲೆಕ್ಕದ ಪುಸ್ತಕದಲ್ಲಿ ಹೆಂಗಸರ ಕೈಬರಹ ದೊರೆತರೆ ಅದು ಸ್ತ್ರೀವಿದ್ಯಾಭ್ಯಾಸದ ಚರಿತ್ರೆಗೆ ಸಣ್ಣ ಸಾಕ್ಷಿಯಲ್ಲ.

ಇನ್ನು ಸಾಮಗ್ರಿಯ ಸ್ವರೂಪವನ್ನು ನೋಡೋಣ. ಕಡತವೆಂದರೆ ಇಂದು ನಮಗೆ ಕಚೇರಿಯ ಫೈಲು; ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಒರಸಿ ಮತ್ತೆ ಬರೆಯಬಹುದೆಂಬುದೇ ಅದರ ಅನುಕೂಲ. ಈಗ ಅದೇ ಅಪಾಯವಾಗಿದೆ. ಧೂಳು ಹಿಡಿದ ಕಡತವನ್ನು ಶುಚಿಮಾಡಲು ಒದ್ದೆ ಬಟ್ಟೆಯಿಂದ ಒಮ್ಮೆ ಒರಸಿದರೆ ಬರಹವೆಲ್ಲ ಬಟ್ಟೆಗೆ ಬರುತ್ತದೆ. ಓಲೆಗರಿಯಲ್ಲಿ ಕಂಟದಿಂದ ಕೊರೆದ ಅಕ್ಷರ ಹೀಗೆ ಅಳಿಯುವುದಿಲ್ಲವಾದರೂ ಒಣಗಿದ ಗರಿ ಬಲವಂತಕ್ಕೆ ಮುರಿಯುತ್ತದೆ. ಅಕ್ಷರ ಕಾಣದಿದ್ದ ಮಾತ್ರಕ್ಕೆ ಗರಿ ಖಾಲಿಯೆಂದು ಭಾವಿಸಬಾರದು; ಮಸಿ ಹೋಗಿದ್ದರೆ ತಿಳಿದವರು ಅದನ್ನು ಮತ್ತೆ ಹಚ್ಚಿ ಓದುತ್ತಾರೆ. ಜೀರ್ಣವಾದ ಗರಿಗಳನ್ನು ಹೊಳೆಗೆ ಬಿಡುವ ವಾಡಿಕೆಯೊಂದಿದೆ. ಹೇಮಾವತಿ ಕಾವೇರಿಗಳ ನಡುವಣ ಈ ಸೀಮೆಯಲ್ಲಿ ಹೊಳೆಯೇನೂ ದೂರವಿಲ್ಲ. ಭಕ್ತಿಯಿಂದಲೇ ಮಾಡಿದರೂ ಅದು ನಾಶವೇ. ವಿಜಾಪುರದ ಫ. ಗು. ಹಳಕಟ್ಟಿಯವರು ಮನೆ ಮನೆಗಳಲ್ಲಿದ್ದ ತಾಡವೋಲೆಗಳನ್ನು ಸಂಪಾದಿಸಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರಷ್ಟೆ. ಆ ಕಟ್ಟುಗಳು ಅವರ ಕೈಸೇರುವ ಮುನ್ನ ಹೊಳೆ ಸೇರಿದ್ದರೆ ಕನ್ನಡಕ್ಕೆ ಆಗುತ್ತಿದ್ದ ನಷ್ಟವನ್ನು ವಿವರಿಸಬೇಕಾಗಿಲ್ಲ.

ಕಾಗದಗಳಲ್ಲಿ ಮೊದಲು ಎಸೆಯಲ್ಪಡುವಂಥವು ಮೂರು: ಮುಯ್ಯಿಯ ಪಟ್ಟಿ, ಹಾಡಿನ ಪುಸ್ತಕ, ಸಾಮಾನ್ಯ ಯೋಗಕ್ಷೇಮದ ಕಾಗದ. ಮೂರನ್ನೂ ಕೊನೆಯವರೆಗೆ ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಮುಯ್ಯಿಯ ಪಟ್ಟಿಯಲ್ಲಿ ಮದುವೆಗೆ ಯಾರು ಬಂದರು, ಯಾವ ಊರಿನಿಂದ ಬಂದರು, ಒಂದು ರೂಪಾಯಿ ಓದಿಸಿದರೋ ಎಂಟಾಣೆಯೋ ಎಂಬುದೆಲ್ಲ ಇರುತ್ತದೆ. ಒಂದು ಸಂಸಾರದ ನೆಂಟಸ್ತಿಕೆಯ ವಿಸ್ತಾರವನ್ನೂ ಊರಿನಲ್ಲಿ ಅದಕ್ಕಿದ್ದ ಬಳಕೆಯನ್ನೂ ಇದಕ್ಕಿಂತ ಪ್ರಾಮಾಣಿಕವಾಗಿ ತಿಳಿಸುವ ಪತ್ರ ಬೇರೊಂದಿಲ್ಲ. ಮುಯ್ಯಿಯನ್ನು ಹಿಂದಿರುಗಿಸಬೇಕಾದ್ದರಿಂದ ಇದರಲ್ಲಿ ಸುಳ್ಳು ಬರೆಯುವುದರಿಂದ ಯಾರಿಗೂ ಲಾಭವಿರಲಿಲ್ಲ. ಹಾಡಿನ ಪುಸ್ತಕವೆಂದರೆ ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರ ಹಾಡುಗಳನ್ನು ಮನೆಯ ಹೆಂಗಸರು ಬರೆದಿಟ್ಟುಕೊಂಡ ನೋಟುಬುಕ್ಕು. ಹೊದಿಕೆ ಹರಿದು ಎಣ್ಣೆಯ ಕಲೆ ಹಿಡಿದು ನೋಡಲು ಅಂದವಿರುವುದಿಲ್ಲ. ಅದರಲ್ಲಿ ಅಚ್ಚಿನ ಸಂಗ್ರಹಗಳಲ್ಲಿ ಕಾಣದ ಪಾಠಗಳು ಇರಬಹುದು. ಪುಟದ ಅಂಚಿನಲ್ಲಿ ಹುಳಿಪುಡಿಯ ಅಳತೆಯೋ ಮಗು ಹುಟ್ಟಿದ ದಿನವೋ ಸೇರಿಕೊಂಡಿರುವುದೂ ಉಂಟು. ಪಾಲುಪಟ್ಟಿಗಳಲ್ಲಿ ಹಂಡೆ, ಕೊಳದಪ್ಪಲೆ, ಚೊಂಬುಗಳನ್ನು ಒಂದೊಂದಾಗಿ ಹೆಸರಿಸುತ್ತಿದ್ದ ಗಂಡಸರು ಈ ಪುಸ್ತಕಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹಳೆಯ ಕಾಗದಗಳಲ್ಲಿ ಕಾಲನಿರ್ಣಯ ಸ್ವಲ್ಪ ತೊಡಕಿನದು. ಇಸವಿಯನ್ನು ಹಾಕದೆ ಸಂವತ್ಸರ, ಮಾಸ, ಪಕ್ಷ, ತಿಥಿಗಳನ್ನು ಮಾತ್ರ ಬರೆದಿರುವುದು ಹೆಚ್ಚು. ಸಂವತ್ಸರಚಕ್ರ ಅರವತ್ತು ವರ್ಷದ್ದಾದ್ದರಿಂದ ಶೋಭಕೃತ್ ಎಂದು ಬರೆದಿದ್ದರೆ ಅದು ೧೮೪೩–೪೪, ೧೯೦೩–೦೪, ೧೯೬೩–೬೪ ಇವುಗಳಲ್ಲಿ ಯಾವುದಾದರೂ ಆಗಬಹುದು. ತಿಥಿಯ ಜೊತೆಗೆ ವಾರವೂ ಇದ್ದರೆ ಪಂಚಾಂಗದಿಂದ ತಾಳೆ ನೋಡಿ ತೀರ್ಮಾನಿಸಬಹುದು. ವಾರವಿಲ್ಲದಿದ್ದರೆ ನಾಣ್ಯವೂ ಅಳತೆಯೂ ನೆರವಾಗುತ್ತವೆ. ವರಹ, ಹಣಗಳ ಲೆಕ್ಕವಿದ್ದರೆ ಪತ್ರ ಹಳೆಯದೆಂದು ಊಹಿಸಲು ಅವಕಾಶವಿದೆ. ರೂಪಾಯಿಗೆ ಹದಿನಾರಾಣೆಯ ಲೆಕ್ಕ ೧೯೫೭ರಲ್ಲಿ ನಿಂತು ನೂರು ನಯಾಪೈಸೆಯ ಲೆಕ್ಕ ಬಂದಿತಾದರೂ ಹಳ್ಳಿಯ ಬಾಯಲ್ಲಿ ಆಣೆ ಬಹುಕಾಲ ಉಳಿಯಿತು. ಆದಕಾರಣ ಇದೊಂದರಿಂದಲೇ ನಿಶ್ಚಯಕ್ಕೆ ಬರಬಾರದು.

ಭಾವಚಿತ್ರಗಳ ವಿಷಯದಲ್ಲಿ ಒಂದೇ ಮಾತು. ಹೆಸರಿಲ್ಲದ ಭಾವಚಿತ್ರ ಮೂರನೆಯ ತಲೆಮಾರಿಗೆ ಅಪರಿಚಿತರ ಚಿತ್ರ. ದೊಡ್ಡತ್ತೆಯೋ ಅಜ್ಜಿಯೋ ಇರುವಾಗಲೇ ಗುರುತು ಕೇಳಿ, ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಹೆಸರು, ಊರು, ಸಂದರ್ಭಗಳನ್ನು ಬರೆಯಬೇಕು. ಶಾಯಿ ಸಲ್ಲದು.

ಪಾತ್ರೆ, ಪದಾರ್ಥ, ವಸ್ತ್ರಗಳ ವಿಚಾರಕ್ಕೆ ಬಂದರೆ ನಾವು ಇಷ್ಟು ಕಟ್ಟುನಿಟ್ಟಾಗಿರಬೇಕಾಗಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳುತ್ತೇವೆಂದು ಬೆಂಗಳೂರಿನ ಎರಡು ಕೋಣೆಯ ಮನೆಗೆ ಹಂಡೆಯನ್ನು ಹೊರಿಸಿಕೊಂಡು ಹೋದರೆ ಅದು ಅಲ್ಲಿ ಛತ್ರಿ ನಿಲ್ಲಿಸುವ ಪಾತ್ರೆಯಾಗುತ್ತದೆ. ಹಿಂದಿನವರೂ ಎಲ್ಲವನ್ನೂ ಉಳಿಸಿದವರಲ್ಲ. ಅಜ್ಜಿಯ ಅಡ್ಡಿಕೆಯನ್ನು ಮುರಿಸಿ ಮೊಮ್ಮಗಳಿಗೆ ಬಳೆ ಮಾಡಿಸುವುದು, ಒಡೆದ ಹಿತ್ತಾಳೆಯನ್ನು ತೂಕಕ್ಕೆ ಹಾಕಿ ಹೊಸದನ್ನು ತರುವುದು, ಜರಿಯ ಹಳೆಯ ಸೀರೆಯನ್ನು ಜರಿ ಕೊಳ್ಳುವವನಿಗೆ ಕೊಡುವುದು ಸಂಸಾರದ ನಡೆಯೇ ಆಗಿತ್ತು. ಬಳೆಯಾದ ಅಡ್ಡಿಕೆ ಮೊಮ್ಮಗಳ ಕೈಯಲ್ಲಿದೆಯಾದ್ದರಿಂದ ಕಳೆದುಹೋಯಿತೆನ್ನುವಂತಿಲ್ಲ. ಅಡ್ಡಿಕೆಯದೊಂದು ಚಿತ್ರವೂ ತೂಕದ ಟಿಪ್ಪಣಿಯೂ ಉಳಿದರೆ ಸಾಕು.

ಪದಾರ್ಥಗಳಲ್ಲಿಯೂ ವಿವೇಚನೆಯಿಂದ ಪ್ರತ್ಯೇಕಿಸತಕ್ಕವು ಕೆಲವಿವೆ. ಅಳತೆಯ ಪಾತ್ರೆಗಳು ಇವುಗಳಲ್ಲಿ ಮುಖ್ಯ. ಪಾವು, ಸೇರು, ಬಳ್ಳ, ಕೊಳಗಗಳು ಹಿತ್ತಾಳೆಯ ಲಾಂದ್ರದಷ್ಟು ಅಂದವಾಗಿ ಕಾಣದಿದ್ದರೂ ಅವುಗಳ ಪ್ರಯೋಜನ ದೊಡ್ಡದು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗವೆಂಬುದು ಎಲ್ಲರಿಗೂ ತಿಳಿದ ಕೋಷ್ಟಕ. ಆದರೆ ಕೊಳಗದ ಪ್ರಮಾಣವೇ ಸೀಮೆಯಿಂದ ಸೀಮೆಗೆ ಭೇದಿಸುತ್ತಿದ್ದುದರಿಂದ, ಆ ಊರಿನ ಕೊಳಗವೇ ಕೈಯಲ್ಲಿಲ್ಲದಿದ್ದರೆ ಲೆಕ್ಕದ ಪುಸ್ತಕದಲ್ಲಿ ಬರೆದ ಹನ್ನೆರಡು ಖಂಡುಗ ಭತ್ತ ಎಷ್ಟೆಂದು ಹೇಳುವುದು ಕಷ್ಟ. ಪುಸ್ತಕವನ್ನೂ ಕೊಳಗವನ್ನೂ ಒಂದೇ ಕಡೆ ಇರಿಸಬೇಕು. ಪಾಲಿನಲ್ಲಿ ಒಂದು ಅಣ್ಣನಿಗೂ ಇನ್ನೊಂದು ತಮ್ಮನಿಗೂ ಹೋದರೆ ಎರಡೂ ಅರ್ಧ ಮೂಕವಾಗುತ್ತವೆ.

ಇಷ್ಟರಿಂದ ಒಂದು ಕ್ರಮ ಹೊರಡುತ್ತದೆ. ವಸ್ತುವಿನ ಬೆಲೆ ಬಹುಪಾಲು ಅದಕ್ಕೆ ಅಂಟಿದ ವೃತ್ತಾಂತದಲ್ಲಿದೆ. ಯಾರದು, ಎಲ್ಲಿಂದ ಬಂದಿತು, ಯಾವುದಕ್ಕೆ ಬಳಸುತ್ತಿದ್ದರು ಎಂಬುದನ್ನು ಹಂಚಿಕೆಗೆ ಮೊದಲೇ ಬರೆಯತಕ್ಕದ್ದು. ಬರೆದ ಮೇಲೆ ವಸ್ತುವನ್ನು ಬಿಡುವುದು ಸುಲಭವಾಗುವುದನ್ನು ಮನೆಯವರೇ ಕಾಣುವರು. ಸಾಮಾನು ಹೋದರೆ ಮನುಷ್ಯರೇ ಮರೆತುಹೋಗುತ್ತಾರೆಂಬ ಭಯದಿಂದಲೇ ಎಷ್ಟೋ ವೇಳೆ ನಾವು ಹಳೆಯದಕ್ಕೆ ಅಂಟಿಕೊಂಡಿರುತ್ತೇವೆ. ಸೊಸೆಯರನ್ನೂ ಹೊರಗೆ ಕೊಟ್ಟ ಹೆಣ್ಣುಮಕ್ಕಳನ್ನೂ ಕೇಳದೆ ಈ ಬರವಣಿಗೆಯನ್ನು ಮುಗಿಸಬಾರದು. ಅಡಿಗೆಯ ಮನೆಯ ವೃತ್ತಾಂತ ಅವರಲ್ಲಿದೆ.

ಅವಸರದ ಫಲವನ್ನು ಈ ಜಿಲ್ಲೆಯೇ ಕಂಡಿದೆ. ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ಣವಾಗಿ ಹಿನ್ನೀರಿನಲ್ಲಿ ಹಲವು ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಚರ್ಚಿನ ಗೋಡೆಗಳು ಮಳೆಗಾಲದಲ್ಲಿ ನೀರಿನಲ್ಲಿ ನಿಂತು ಇಂದಿಗೂ ನೋಡುವವರನ್ನು ಕರೆಯುತ್ತವೆ. ಕಲ್ಲು ಗಾರೆಗಳ ಗುರುತು ಹೀಗೆ ನಿಂತಿತು. ಊರು ಬಿಡುವವರು ಮೊದಲು ಗಾಡಿಗೆ ಏರಿಸುವುದು ದವಸ, ಪಾತ್ರೆ, ಹಾಸಿಗೆಗಳನ್ನು. ಕಾಗದಕ್ಕೆ ಸರದಿ ಬರುವುದು ಕೊನೆಗೆ.

ಮನೆಯಲ್ಲಿ ಇರಿಸಲಾಗದ, ಎಸೆಯಲೂ ಬಾರದ ಸಾಮಗ್ರಿಗೆ ಆಶ್ರಯಗಳಿವೆ. ಓಲೆಗರಿಗಳಿಗೆ ೧೮೯೧ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೂ ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಯೂ ಇವೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿಯೇ ಶ್ರವಣಬೆಳಗೊಳದ ಜೈನಮಠ ಹಸ್ತಪ್ರತಿಗಳಿಗೆ ಹೆಸರಾದುದು. ಆಡಳಿತದ ಕಾಗದಗಳನ್ನು ರಾಜ್ಯ ಪತ್ರಾಗಾರಕ್ಕೆ ತೋರಿಸಬಹುದು. ತೊಟ್ಟಿಲು, ಅಳತೆಯ ಪಾತ್ರೆ, ಬೀಸುವ ಕಲ್ಲು ಮುಂತಾದವನ್ನು ೧೯೬೮ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ಎಚ್. ಎಲ್. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕ ಇವುಗಳಲ್ಲಿ ವಿಚಾರಿಸಬಹುದು. ಎಲ್ಲವನ್ನೂ ಅವರು ತೆಗೆದುಕೊಳ್ಳುತ್ತಾರೆಂದು ನಿರೀಕ್ಷಿಸಬಾರದು. ಅವರಲ್ಲಿ ಬೀಸುವ ಕಲ್ಲುಗಳಿಗೆ ಕೊರತೆಯಿಲ್ಲ. ವೃತ್ತಾಂತ ಸಹಿತವಾದ ವಸ್ತುವಿಗೆ ಆದರ ಹೆಚ್ಚೆಂಬುದು ಸಹಜ.

ಪರದೇಶದಲ್ಲಿರುವ ಮಕ್ಕಳು ತಿಳಿದಿರಬೇಕಾದ ಕಾನೂನೊಂದಿದೆ. ೧೯೭೨ರ ಪ್ರಾಚೀನ ವಸ್ತುಗಳ ಅಧಿನಿಯಮದಂತೆ ನೂರು ವರ್ಷ ಮೀರಿದ ಶಿಲ್ಪ, ನಾಣ್ಯ, ಕಲಾಕೃತಿಗಳನ್ನೂ, ಚಾರಿತ್ರಿಕ ಅಥವಾ ಸಾಹಿತ್ಯಕ ಮಹತ್ತ್ವವುಳ್ಳ ಎಪ್ಪತ್ತೈದು ವರ್ಷ ಹಳೆಯ ಹಸ್ತಪ್ರತಿ ದಾಖಲೆಗಳನ್ನೂ ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ಮುತ್ತಜ್ಜನ ಪೂಜೆಯ ವಿಗ್ರಹವನ್ನು ಪೆಟ್ಟಿಗೆಯಲ್ಲಿಟ್ಟು ವಿಮಾನವೇರುವ ಮೊದಲು ಅದರ ವಯಸ್ಸನ್ನು ವಿಚಾರಿಸುವುದು ಒಳಿತು. ಕಾಗದಗಳ ಛಾಯಾಪ್ರತಿಗಳಿಗೆ ಈ ತೊಡಕಿಲ್ಲ. ಮೂಲವನ್ನು ಸಂಸ್ಥೆಗೆ ಒಪ್ಪಿಸುವುದಾದರೆ ಪುಟವೊಂದನ್ನೂ ಬಿಡದೆ ಪ್ರತಿ ತೆಗೆದುಕೊಂಡು, ಒಪ್ಪಿಸಿದ್ದಕ್ಕೆ ರಸೀತಿಯನ್ನು ಪಡೆದು, ಪೆಠಾರಿಯ ಪಟ್ಟಿಯೊಡನೆ ಅದನ್ನು ಪಾಲುದಾರರೆಲ್ಲರಿಗೂ ಕಳುಹಿಸತಕ್ಕದ್ದು.